ಸರಪಳಿಯ ಕೊಂಡಿಗಳೂ ಸರಾಸರಿಯ ಲೆಕ್ಕವೂ

ಪಾಲಿಥೀನಿನ ಒಂದು ಮಾದರಿಯ ಅಣುತೂಕ 28,000. ಅದರ ಸರಪಳಿಯಲ್ಲಿ ಮತ್ತೆ ಮತ್ತೆ ಬರುವ ಎಥಿಲೀನ್ ಘಟಕದ ತೂಕ 28. ಹಾಗಾದರೆ ಅದರ ಪಾಲಿಮರೀಕರಣದ ಮಟ್ಟವೆಷ್ಟು? ಈ ಬಗೆಯ ಪ್ರಶ್ನೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಮೊದಲನೆಯ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿ 1,000 ಎಂದು ಬರೆದರೆ ಪೂರ್ಣಾಂಕಗಳು ದೊರೆಯುತ್ತವೆ. ಭಾಗಾಕಾರವನ್ನು ಬಲ್ಲ ಐದನೆಯ ತರಗತಿಯ ಬಾಲಕನೂ ಇಷ್ಟನ್ನು ಮಾಡಬಲ್ಲನು. ಆದರೆ ಅದೇ ಉತ್ತರವನ್ನು ಬರೆದ ಕಾಲೇಜು ವಿದ್ಯಾರ್ಥಿಯನ್ನು ನಿಲ್ಲಿಸಿ, ‘ಆ ಮಾದರಿಯ ಪ್ರತಿಯೊಂದು ಸರಪಳಿಯಲ್ಲಿಯೂ ಸರಿಯಾಗಿ ಸಾವಿರ ಕೊಂಡಿಗಳಿವೆಯೆ?’ ಎಂದು ಕೇಳಿದರೆ, ಅವನು ಹೌದೆಂದು ಹೇಳಿಬಿಡುವುದುಂಟು. ಆ ಉತ್ತರ ತಪ್ಪು. ಲೆಕ್ಕ ಸರಿಯಾಗಿದ್ದೂ ತಿಳಿವಳಿಕೆ ತಪ್ಪಾಗಬಹುದಾದ ಪಾಠಗಳು ಶಾಲೆಯಲ್ಲಿ ಹಲವಿವೆ. ಅವುಗಳ ಪಂಕ್ತಿಯಲ್ಲಿ ಇದಕ್ಕೆ ಮೊದಲ ಮಣೆ ಸಲ್ಲುತ್ತದೆ.

ಪಾಲಿಮರೀಕರಣದ ಮಟ್ಟವೆಂಬುದು ಒಂದು ಸರಾಸರಿ. ಸರಾಸರಿಯಲ್ಲಿಯೂ ಒಂದೇ ಬಗೆಯದಿಲ್ಲ. ಯಾವ ಸರಾಸರಿ ಎಂಬುದನ್ನು ಹೇಳದೆ ಕೊಟ್ಟ ಸಂಖ್ಯೆ, ಊರಿನ ಹೆಸರಿಲ್ಲದ ವಿಳಾಸದಂತೆ ಅಪೂರ್ಣವಾದುದು. ಈ ಮಾತನ್ನು ಒತ್ತಿ ಹೇಳಬೇಕಾದ ಕಾಲವೀಗ ಬಂದಿದೆ. ಏಕೆಂದರೆ 2022ರಲ್ಲಿ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಮಕ್ಕಳ ಹೊರೆಯನ್ನು ಇಳಿಸುವ ಉದ್ದೇಶದಿಂದ ಪಠ್ಯಗಳನ್ನು ಕತ್ತರಿಸಿದಾಗ, 12ನೆಯ ತರಗತಿಯ ರಸಾಯನಶಾಸ್ತ್ರದಿಂದ ಪಾಲಿಮರುಗಳ ಅಧ್ಯಾಯವನ್ನೇ ಕೈಬಿಟ್ಟಿತು. ಹೊರೆ ಹೆಚ್ಚಾಗಿದ್ದುದು ನಿಜ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಮಲಗುವ ಕೊಠಡಿಯ ಸೊಳ್ಳೆಯ ಪರದೆಯವರೆಗೆ, ಉಡುವ ಹತ್ತಿಯಿಂದ ಓದುವ ಕಾಗದದವರೆಗೆ ದಿನವೆಲ್ಲ ಯಾವ ವಸ್ತುಗಳ ನಡುವೆ ಮಗು ಬದುಕುತ್ತದೆಯೋ, ಅವುಗಳ ವಿಷಯವನ್ನೇ ಹೊರೆಯೆಂದು ಕೆಳಗಿಳಿಸಿದ್ದು ವಿವೇಕದ ಕೆಲಸವೆಂದು ತೋರುವುದಿಲ್ಲ. ಅಧ್ಯಾಯ ಹೋಯಿತೆಂದರೆ ಪಾಠವೂ ಹೋಗಬೇಕೆಂದಿಲ್ಲ. ಈ ಒಂದು ಲೆಕ್ಕವನ್ನು ಅರ್ಥಸಹಿತವಾಗಿ ಕಲಿಸಲು ಪ್ರೌಢಶಾಲೆಯ ಅಂಕಗಣಿತವೇ ಸಾಕು. ಕನ್ನಡದಲ್ಲಿ ಕಲಿಸುವುದಕ್ಕೂ ಯಾವ ಅಡ್ಡಿಯಿಲ್ಲ.

ಮೊದಲು ಸರಪಳಿಯ ಕಥೆ. ರಬ್ಬರು, ಹತ್ತಿ, ರೇಷ್ಮೆ, ಪಿಷ್ಟ ಇವೆಲ್ಲ ಯಾವುದರಿಂದ ಆದವು ಎಂಬ ವಿಷಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ವಿದ್ವಾಂಸರಿಗೆ ಒಮ್ಮತವಿರಲಿಲ್ಲ. ಸಣ್ಣ ಸಣ್ಣ ಅಣುಗಳು ಯಾವುದೋ ದುರ್ಬಲವಾದ ಆಕರ್ಷಣೆಯಿಂದ ಗುಂಪುಗೂಡಿ ನಿಂತಿವೆ ಎಂಬುದು ಬಹುಮಂದಿಯ ಮತವಾಗಿತ್ತು. ಜ್ಯೂರಿಕ್ಕಿನಲ್ಲಿ ಅಧ್ಯಾಪಕರಾಗಿದ್ದ ಹೆರ್ಮನ್ ಸ್ಟೌಡಿಂಗರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು 1920ರಲ್ಲಿ ಇದನ್ನು ವಿರೋಧಿಸಿ ಬರೆದರು. ಅವರ ಪ್ರಕಾರ ಇವು ಗುಂಪುಗಳಲ್ಲ. ಸಾಮಾನ್ಯ ರಾಸಾಯನಿಕ ಬಂಧಗಳಿಂದಲೇ ಒಂದಕ್ಕೊಂದು ಬೆಸೆದುಕೊಂಡ ಅತಿ ದೀರ್ಘವಾದ ಸರಪಳಿಗಳು. 1922ರಲ್ಲಿ ಇಂತಹ ಅಣುವಿಗೆ ಅವರು ಬೃಹದಣು ಎಂಬ ಅರ್ಥದ ಹೆಸರನ್ನೂ ಕೊಟ್ಟರು. ಅಷ್ಟು ದೊಡ್ಡ ಅಣು ಇರುವುದು ಅಸಾಧ್ಯವೆಂದು ದೊಡ್ಡ ದೊಡ್ಡವರೇ ವಾದಿಸಿದರು. ಹರಳಿನ ಒಂದು ಏಕಕೋಶ ಎಷ್ಟು ಚಿಕ್ಕದೋ ಅಣುವೂ ಅದಕ್ಕಿಂತ ದೊಡ್ಡದಾಗಿರಲಾರದು ಎಂಬುದು ಆ ವಾದಗಳಲ್ಲೊಂದು. ಸ್ಟೌಡಿಂಗರ್ ರಬ್ಬರಿಗೆ ಹೈಡ್ರೊಜನ್ ಸೇರಿಸಿ ನೋಡಿದರು. ದುರ್ಬಲವಾದ ಆಕರ್ಷಣೆಯಿಂದ ನಿಂತ ಗುಂಪಾಗಿದ್ದರೆ ಅದು ಚೆದರಿ ಸಣ್ಣ ಅಣುಗಳ ಗುಣವನ್ನು ತೋರಬೇಕಿತ್ತು, ತೋರಲಿಲ್ಲ. ವಾದ ನಿಧಾನವಾಗಿ ಅವರ ಕಡೆಗೆ ತಿರುಗಿತು. ನೊಬೆಲ್ ಪಾರಿತೋಷಕ ಅವರಿಗೆ ಬಂದುದು 1953ರಲ್ಲಿ, ಮೊದಲ ಲೇಖನದ ಮೂವತ್ತಮೂರು ವರ್ಷಗಳ ತರುವಾಯ. ಸರಪಳಿ ಎಂಬುದು ನಿಶ್ಚಿತವಾದ ಮೇಲೆ ಕೊಂಡಿಗಳು ಎಷ್ಟು ಎಂಬ ಪ್ರಶ್ನೆ ಹುಟ್ಟಲೇಬೇಕು. ಪಾಲಿಮರೀಕರಣದ ಮಟ್ಟವೆಂದರೆ ಆ ಪ್ರಶ್ನೆಗೆ ಉತ್ತರವೇ ಹೊರತು ಬೇರೇನೂ ಅಲ್ಲ.

ಎಣಿಕೆ ಏಕೆ ಬೇಕು ಎಂದರೆ ವಸ್ತುವಿನ ಗುಣ ಅದರಲ್ಲಿ ಅಡಗಿದೆ. ಎಥಿಲೀನಿನ ಕೆಲವು ಹತ್ತು ಕೊಂಡಿಗಳು ಸೇರಿದರೆ ಮೇಣ. ಸಾವಿರಗಟ್ಟಲೆ ಸೇರಿದರೆ ಸಂತೆಯ ಚೀಲ. ಲಕ್ಷವನ್ನು ದಾಟಿದರೆ ಸವೆದ ಮೊಣಕಾಲಿನ ಕೀಲಿಗೆ ಶಸ್ತ್ರವೈದ್ಯರು ಕೂರಿಸುವ ಗಟ್ಟಿಯಾದ ಪ್ಲಾಸ್ಟಿಕ್ಕು. ಮೂರರಲ್ಲಿಯೂ ಇರುವುದು ಅದೇ ಇಂಗಾಲ, ಅದೇ ಜಲಜನಕ.

ಇನ್ನು ಭಾಗಾಕಾರ. ಭಾಜ್ಯವಾದ ಅಣುತೂಕ ಪ್ರಯೋಗದಿಂದ ಬರುತ್ತದೆ. ಭಾಜಕವನ್ನು ಆರಿಸುವುದು ಮಾತ್ರ ಲೆಕ್ಕ ಮಾಡುವವರ ಹೊಣೆ, ಎಡವುವುದೂ ಅಲ್ಲಿಯೇ. ಪಾಲಿಥೀನಿನಲ್ಲಿ ಎಥಿಲೀನ್ ಅಣುಗಳು ತಮ್ಮ ಜೋಡಿಬಂಧವನ್ನು ಬಿಚ್ಚಿ ಕೈ ಹಿಡಿಯುತ್ತವೆ, ಏನನ್ನೂ ಕಳೆದುಕೊಳ್ಳುವುದಿಲ್ಲ. ಆದ್ದರಿಂದ ಬಿಡಿ ಅಣುವಿನ ತೂಕ 28, ಕೊಂಡಿಯಾದ ಮೇಲೂ 28. ಹತ್ತಿಯ, ಕಾಗದದ ಸೆಲ್ಯುಲೋಸಿನಲ್ಲಿ ಹಾಗಲ್ಲ. ಅದರ ಕೊಂಡಿ ಗ್ಲೂಕೋಸ್. ಗ್ಲೂಕೋಸಿನ ಅಣುತೂಕ 180. ಎರಡು ಗ್ಲೂಕೋಸ್‌ಗಳು ಕೂಡಿದಲ್ಲೆಲ್ಲ ನೀರಿನ ಒಂದು ಅಣು, ಅಂದರೆ 18ರ ತೂಕ, ಹೊರಬೀಳುತ್ತದೆ, ಉಳಿಯುವುದು 162. ಕನ್ನಡ ವ್ಯಾಕರಣವನ್ನು ಓದಿದ ವಿದ್ಯಾರ್ಥಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ‘ಮಾತು’ ಮತ್ತು ‘ಇಲ್ಲ’ ಸೇರಿ ‘ಮಾತಿಲ್ಲ’ ಎಂದಾಗುವಾಗ ಉಕಾರವು ಬಿದ್ದುಹೋಗುವುದನ್ನು ಅವನು ಲೋಪಸಂಧಿ ಎಂದು ಕಲಿತಿದ್ದಾನೆ. ಸಂಧಿಯಾದ ಪದದ ಅಕ್ಷರಗಳನ್ನು ಎಣಿಸುವವನು ಬಿಡಿಪದಗಳ ಅಕ್ಷರಗಳನ್ನು ಹಾಗೆಯೇ ಕೂಡಿಸಿದರೆ ಲೆಕ್ಕ ತಪ್ಪುವುದಷ್ಟೆ. 1,62,000 ಅಣುತೂಕದ ಸೆಲ್ಯುಲೋಸನ್ನು 162ರಿಂದ ಭಾಗಿಸಿದರೆ 1,000 ಕೊಂಡಿಗಳು. ಲೋಪವನ್ನು ಮರೆತು 180ರಿಂದ ಭಾಗಿಸಿದರೆ 900. ನೂರು ಕೊಂಡಿಗಳು ಮರೆವಿನ ಪಾಲಾದವು. ಸರಪಳಿಯ ಎರಡು ತುದಿಗಳಲ್ಲಿ ಉಳಿಯುವ ಒಂದು ನೀರಿನಷ್ಟು ತೂಕವನ್ನು ಇಷ್ಟು ದೀರ್ಘವಾದ ಸರಪಳಿಯಲ್ಲಿ ಎಣಿಸದಿದ್ದರೆ ಬಾಧೆಯಿಲ್ಲ.

ನೈಲಾನಿನಲ್ಲಿ ಇನ್ನೊಂದು ತೊಡಕಿದೆ. ನೈಲಾನ್ 6,6 ಎಂಬುದು ಎರಡು ಬೇರೆ ಬೇರೆ ಅಣುಗಳು ಒಂದಾದ ಮೇಲೊಂದು ಬಂದು ಹೆಣೆದ ಸರ. ಒಂದು 116 ತೂಕದ ಡೈಅಮೀನ್, ಇನ್ನೊಂದು 146 ತೂಕದ ಅಡಿಪಿಕ್ ಆಮ್ಲ. ಜೋಡಿಯೊಂದಕ್ಕೆ ಎರಡು ನೀರಿನ ಲೋಪವಾಗಿ ಮರುಕಳಿಸುವ ಘಟಕದ ತೂಕ 226. ಅಣುತೂಕ 22,600 ಇದ್ದರೆ ಕೊಂಡಿಗಳು ನೂರೋ ಇನ್ನೂರೋ? ಜೋಡಿಯನ್ನು ಒಂದೆಂದು ಎಣಿಸಿದರೆ ನೂರು; ಜೋಡಿಯ ಒಬ್ಬೊಬ್ಬರನ್ನೂ ಎಣಿಸಿದರೆ ಇನ್ನೂರು. ಮಲ್ಲಿಗೆ, ಕನಕಾಂಬರಗಳನ್ನು ಒಂದಾದ ಮೇಲೊಂದರಂತೆ ಕಟ್ಟಿದ ದಂಡೆಯಲ್ಲಿ ಹೂವೆಷ್ಟು, ಜೋಡಿಯೆಷ್ಟು ಎಂಬಂತೆ ಎರಡೂ ಸರಿಯೇ. ಯಾವುದನ್ನು ಎಣಿಸಿದೆ ಎಂದು ಬರೆಯದಿರುವುದು ಮಾತ್ರ ಸರಿಯಲ್ಲ.

ನೈಲಾನಿನ ಹೆಸರು ಬಂದಮೇಲೆ ವಾಲೇಸ್ ಕೆರೋದರ್ಸ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1928ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಸಂಶೋಧನಾಲಯವನ್ನು ಸೇರಿದ ಈ ರಸಾಯನಶಾಸ್ತ್ರಜ್ಞರು ಸ್ಟೌಡಿಂಗರ್ ಹೇಳಿದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತಾವೇ ಕಟ್ಟಿ ತೋರಿಸಲು ಹೊರಟರು. 1935ರ ಫೆಬ್ರವರಿಯಲ್ಲಿ ನೈಲಾನ್ ಸಿದ್ಧವಾಯಿತು. ಜಗತ್ತು ಅದರ ಹೆಸರನ್ನು ಕೇಳಿದ್ದು 1938ರಲ್ಲಿ. ಅದಕ್ಕೆ ಮೊದಲೇ, 1937ರಲ್ಲಿ, ಮನೋವ್ಯಥೆಯಿಂದ ಬಳಲುತ್ತಿದ್ದ ಕೆರೋದರ್ಸ್ 41ನೆಯ ವಯಸ್ಸಿನಲ್ಲಿ ಪ್ರಾಣತ್ಯಾಗ ಮಾಡಿದ್ದರು. ಅವರು ಬಿಟ್ಟುಹೋದ ಒಂದು ಸಮೀಕರಣ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಅದನ್ನು ಸೂತ್ರವಾಗಿ ಬರೆಯುವ ಮೊದಲು ಶಾಲೆಯ ಬಯಲಿನಲ್ಲಿ ಆಡಿಸಿ ತೋರಿಸಬಹುದು.

ಬಯಲಿನಲ್ಲಿ 1,000 ಮಕ್ಕಳು ಬಿಡಿಬಿಡಿಯಾಗಿ ನಿಂತಿರುವರೆಂದು ಭಾವಿಸೋಣ. ಒಬ್ಬರ ಬಲಗೈ ಇನ್ನೊಬ್ಬರ ಎಡಗೈಯನ್ನು ಹಿಡಿಯಬಹುದು. ಸುತ್ತು ಕಟ್ಟುವಂತಿಲ್ಲ, ಸಾಲು ಮಾತ್ರ. ಮೊದಲು ಸಾಲುಗಳ ಸಂಖ್ಯೆ 1,000, ಪ್ರತಿಯೊಂದರಲ್ಲಿಯೂ ಒಬ್ಬರೇ. ಒಂದು ಕೈಕೂಟವಾದರೆ ಎರಡು ಸಾಲುಗಳು ಒಂದಾಗಿ, ಸಾಲುಗಳಲ್ಲಿ ಒಂದು ಕಡಿಮೆಯಾಗುತ್ತದೆ. 900 ಕೈಕೂಟಗಳಾದಾಗ ಉಳಿದ ಸಾಲುಗಳು 100. ಸಾಲಿಗೆ ಸರಾಸರಿ 10 ಮಕ್ಕಳು. 950 ಆದಾಗ ಸಾಲುಗಳು 50, ಸರಾಸರಿ 20. 990 ಆದಾಗ ಸಾಲು 10, ಸರಾಸರಿ 100. 995 ಆದಾಗ ಸಾಲು 5, ಸರಾಸರಿ 200. ಕೆರೋದರ್ಸ್ ಸಮೀಕರಣ ಇದೇ. ಕೂಡಬಹುದಾದ ಕೈಗಳಲ್ಲಿ ಎಷ್ಟು ಪಾಲು ಕೂಡಿವೆಯೋ ಅದನ್ನು ಒಂದರಿಂದ ಕಳೆದು, ಉಳಿದುದರಿಂದ ಒಂದನ್ನು ಭಾಗಿಸಿದರೆ ಸರಾಸರಿ ಕೊಂಡಿಗಳ ಸಂಖ್ಯೆ ಬರುತ್ತದೆ. ಮೊದಲ 900 ಕೈಕೂಟಗಳು ಸರಾಸರಿಯನ್ನು ಹತ್ತಕ್ಕೆ ತಂದು ನಿಲ್ಲಿಸಿದವು. ಕೊನೆಯ 95 ಅದನ್ನು ಇನ್ನೂರಕ್ಕೆ ಒಯ್ದವು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಬಂದರೆ ಮನೆಯಲ್ಲಿ ಸಿಹಿ ಹಂಚುತ್ತಾರೆ; ಸರಪಳಿಯ ಲೋಕದಲ್ಲಿ ನೂರಕ್ಕೆ ತೊಂಬತ್ತು ಎಂದರೆ ಹತ್ತು ಕೊಂಡಿಯ ತುಂಡು, ಅದರಿಂದ ನೂಲನ್ನು ಎಳೆಯಲಾಗದು. ಕ್ರಿಯೆಯಲ್ಲಿ ಹೊರಬೀಳುವ ನೀರನ್ನು ಬಿಡದೆ ತೆಗೆಯುತ್ತ ಹೋಗಲು ಕೆರೋದರ್ಸರ ಪ್ರಯೋಗಶಾಲೆಯಲ್ಲಿ ಅಷ್ಟೊಂದು ಶ್ರಮಪಟ್ಟುದು ಆ ಕೊನೆಯ ಕೆಲವು ಕೈಕೂಟಗಳಿಗಾಗಿಯೇ.

ಎರಡು ಪಕ್ಷಗಳ ಅಣುಗಳು ಸಮಸಂಖ್ಯೆಯಲ್ಲಿ ಇರಬೇಕೆಂಬ ನಿಯಮವೂ ಇದರಿಂದಲೇ ಹೊಳೆಯುತ್ತದೆ. ಒಂದು ಪಕ್ಷದವು 100, ಇನ್ನೊಂದರವು 99 ಇದ್ದರೆ, ಎಲ್ಲರೂ ಕೈ ಕೂಡಿಸಿದರೂ 199 ಕೊಂಡಿಗಳಿಗೆ ಸರ ಮುಗಿಯುತ್ತದೆ. ಎರಡೂ ತುದಿಗಳಲ್ಲಿ ಒಂದೇ ಪಕ್ಷದವರು ನಿಂತು, ಹಿಡಿಯಲು ಕೈಯಿಲ್ಲದೆ ಉಳಿಯುತ್ತಾರೆ. ನೂರಕ್ಕೆ ಒಂದರ ತೂಕದ ತಪ್ಪು ಇಷ್ಟು ಮಾಡಬಲ್ಲದು. ಜವಳಿ ಅಂಗಡಿಯ ತಕ್ಕಡಿಯಲ್ಲಿ ಇಷ್ಟು ತಪ್ಪನ್ನು ಯಾರೂ ಕೇಳುವುದಿಲ್ಲ.

ಇನ್ನು ಮುಖ್ಯವಾದ ವಿಷಯ. ಐದು ಸಾಲುಗಳಲ್ಲಿ ಸರಾಸರಿ 200 ಮಕ್ಕಳು ಎಂದಾಗ ಪ್ರತಿ ಸಾಲಿನಲ್ಲಿಯೂ 200 ಎಂದು ಯಾರೂ ಹೇಳಲಿಲ್ಲ. ಒಂದರಲ್ಲಿ 30, ಮತ್ತೊಂದರಲ್ಲಿ 500 ಇದ್ದೀತು. ಆಕಸ್ಮಿಕವಾಗಿ ಕೈ ಕೂಡಿದ ಸಾಲುಗಳ ಉದ್ದ ಹೇಗೆ ಹರಡಿಕೊಳ್ಳುತ್ತದೆ ಎಂಬುದನ್ನು 1936ರಲ್ಲಿ ಗಣಿತದಿಂದ ತೋರಿಸಿದವರು ಕೆರೋದರ್ಸರ ಕಿರಿಯ ಸಹೋದ್ಯೋಗಿಯಾಗಿದ್ದ ಪಾಲ್ ಫ್ಲೋರಿ. 1974ರ ನೊಬೆಲ್ ಪಾರಿತೋಷಕ ಅವರದು. ಅವರ ಗಣಿತ ಕಾಲೇಜಿಗೆ ಇರಲಿ. ಪ್ರೌಢಶಾಲೆಗೆ ಬೇಕಾದುದು ಒಂದು ಓಣಿ ಮತ್ತು ಹತ್ತು ಮನೆಗಳು.

ಆ ಓಣಿಯ ಒಂಬತ್ತು ಮನೆಗಳಲ್ಲಿ ತಲಾ 4 ಜನ; ಹತ್ತನೆಯದು ಅಜ್ಜ ಮುತ್ತಜ್ಜರ ಕಾಲದಿಂದ ಒಡೆಯದೆ ಉಳಿದ ಅವಿಭಕ್ತ ಕುಟುಂಬ, ಅಲ್ಲಿ 44 ಜನ. ಒಟ್ಟು 80. ‘ಮನೆಗೆ ಎಷ್ಟು ಜನ?’ ಎಂದು ಮನೆಯಿಂದ ಮನೆಗೆ ಹೋಗಿ ಬಾಗಿಲಿನಲ್ಲಿ ಕೇಳಿ ಸರಾಸರಿ ತೆಗೆದರೆ 80 ಭಾಗಿಸು 10, ಅಂದರೆ 8. ಈಗ ಬಾಗಿಲನ್ನು ಬಿಟ್ಟು ಓಣಿಯ ಎಂಬತ್ತು ಜನರನ್ನೂ ಒಬ್ಬೊಬ್ಬರನ್ನಾಗಿ ಕರೆದು ‘ನಿನ್ನ ಮನೆಯಲ್ಲಿ ಎಷ್ಟು ಜನ?’ ಎಂದು ಕೇಳಬೇಕು. 36 ಜನ ‘ನಾಲ್ಕು’ ಎನ್ನುತ್ತಾರೆ, 44 ಜನ ‘ನಲವತ್ತನಾಲ್ಕು’ ಎನ್ನುತ್ತಾರೆ. ಉತ್ತರಗಳ ಮೊತ್ತ 2,080; ಎಂಬತ್ತರಿಂದ ಭಾಗಿಸಿದರೆ 26. ಓಣಿ ಅದೇ, ಜನ ಅವರೇ. ಸರಾಸರಿ ಒಮ್ಮೆ 8, ಒಮ್ಮೆ 26. ಯಾವುದೂ ಸುಳ್ಳಲ್ಲ. ಒಂದರಲ್ಲಿ ಮನೆಗೊಂದು ಮತ, ಇನ್ನೊಂದರಲ್ಲಿ ತಲೆಗೊಂದು ಮತ.

ಮನೆಯನ್ನು ಸರಪಳಿಯೆಂದೂ ಜನರನ್ನು ಕೊಂಡಿಗಳೆಂದೂ ಓದಿಕೊಂಡರೆ, ಮೊದಲನೆಯದು ಸಂಖ್ಯಾ ಸರಾಸರಿ, ಎರಡನೆಯದು ತೂಕದ ಸರಾಸರಿ. ಸರಪಳಿಗಳಲ್ಲಿ ಒಂಬತ್ತಕ್ಕೆ ನೂರು ನೂರು ಕೊಂಡಿಗಳೂ ಹತ್ತನೆಯದಕ್ಕೆ 1,100 ಕೊಂಡಿಗಳೂ ಇದ್ದರೆ ಸಂಖ್ಯಾ ಸರಾಸರಿ 200, ತೂಕದ ಸರಾಸರಿ 650. ಎರಡರ ಅನುಪಾತ 3.25. ಆ ಅನುಪಾತವೇ ಸರಪಳಿಗಳು ಎಷ್ಟು ಏರುಪೇರಾಗಿವೆ ಎಂಬುದನ್ನು ಹೇಳುತ್ತದೆ. ಎಲ್ಲವೂ ಒಂದೇ ಉದ್ದವಿದ್ದಾಗ ಮಾತ್ರ ಅದು 1. ಕೈಕೂಟದ ಬಗೆಯ ಪಾಲಿಮರುಗಳಲ್ಲಿ ಅದು ಎರಡರ ಹತ್ತಿರ ಬಂದು ನಿಲ್ಲುತ್ತದೆ ಎಂಬುದು ಫ್ಲೋರಿಯವರ ಗಣಿತದ ಫಲ.

ಇದು ಬರಿಯ ಲೆಕ್ಕದ ಚಮತ್ಕಾರವಲ್ಲ. ಪ್ರಯೋಗಶಾಲೆಯಲ್ಲಿ ಒಂದೊಂದು ಉಪಕರಣವೂ ಒಂದೊಂದು ಬಗೆಯ ಪ್ರಶ್ನೆಯನ್ನು ಕೇಳುತ್ತದೆ. ಸರಪಳಿಯ ತುದಿಗಳನ್ನು ರಾಸಾಯನಿಕವಾಗಿ ಎಣಿಸುವ ವಿಧಾನವೂ, ದ್ರಾವಣದ ಆಸ್ಮಾಟಿಕ್ ಒತ್ತಡವನ್ನು ಅಳೆಯುವ ವಿಧಾನವೂ ಬಾಗಿಲು ತಟ್ಟುವವು. ಅವುಗಳಿಂದ ಬರುವುದು ಸಂಖ್ಯಾ ಸರಾಸರಿ. ದ್ರಾವಣದ ಮೇಲೆ ಬೆಳಕು ಬಿಟ್ಟು ಅದು ಚೆದರುವುದನ್ನು ಅಳೆಯುವ ವಿಧಾನದಲ್ಲಿ ದೊಡ್ಡ ಅಣುವಿನ ದನಿಯೇ ಜೋರು. ಅಲ್ಲಿ ಬರುವುದು ತೂಕದ ಸರಾಸರಿ. ದ್ರಾವಣ ಎಷ್ಟು ನಿಧಾನವಾಗಿ ಹರಿಯುತ್ತದೆ ಎಂಬ ಸ್ನಿಗ್ಧತೆಯ ಅಳತೆಯಿಂದ ಬರುವುದು ಸಾಮಾನ್ಯವಾಗಿ ಇವೆರಡರ ನಡುವಿನ ಮೂರನೆಯದೊಂದು. ಸ್ಟೌಡಿಂಗರ್ ನಂಬಿದ್ದುದು ಈ ಸ್ನಿಗ್ಧತೆಯನ್ನು. ಅದು ಕೊಂಡಿಗಳ ಸಂಖ್ಯೆಗೆ ನೇರವಾದ ಅನುಪಾತದಲ್ಲಿದೆ ಎಂದು ಅವರು ನಿಯಮ ಮಾಡಿದರು. ಅದು ಅಷ್ಟು ಸರಳವಲ್ಲವೆಂದು ಮುಂದಿನವರು ತಿದ್ದಿದರು. ಹೀಗಿರುವಾಗ ‘ಅಣುತೂಕ 28,000’ ಎಂದು ಪ್ರಶ್ನೆಪತ್ರಿಕೆಯಲ್ಲಿ ಒಂದೇ ಸಂಖ್ಯೆಯನ್ನು ಕೊಟ್ಟು ಸುಮ್ಮನಾಗುವುದು ಯಾವ ನ್ಯಾಯ? ಕರಗಿದ ಪ್ಲಾಸ್ಟಿಕ್ಕು ಅಚ್ಚಿನಲ್ಲಿ ಹೇಗೆ ಹರಿಯುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ತೂಕದ ಸರಾಸರಿ. ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಹುಡುಗ ಸಂಖ್ಯಾ ಸರಾಸರಿಯನ್ನು ಹಿಡಿದು ಯಂತ್ರವನ್ನು ಹೊಂದಿಸಿದರೆ, ಅಂಕಪಟ್ಟಿಯಲ್ಲಿ ಎಷ್ಟು ಅಂಕಗಳಿದ್ದರೂ ಅಚ್ಚು ಕ್ಷಮಿಸುವುದಿಲ್ಲ.

ಪ್ಲಾಸ್ಟಿಕ್ಕಿನ ಮಾತು ಸಾಕು. ಭಾಷೆಯನ್ನೂ ಗ್ರಂಥವನ್ನೂ ಪ್ರೀತಿಸುವವರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು ಎಂಬುದನ್ನು ಅರಿತವರು ಕಡಿಮೆ. ಹಳೆಯ ಗ್ರಂಥಾಲಯದಲ್ಲಿ ಅರವತ್ತು ಎಂಬತ್ತು ವರ್ಷಗಳ ಹಿಂದೆ ಅಚ್ಚಾದ ಪುಸ್ತಕವೊಂದನ್ನು ತೆಗೆದು ಹಾಳೆಯನ್ನು ಮಡಿಸಿದರೆ ಅದು ಹಪ್ಪಳದಂತೆ ಮುರಿಯುವುದನ್ನು ಕಾಣಬಹುದು. ಹುಳು ತಿಂದಿಲ್ಲ, ನೀರು ಬಿದ್ದಿಲ್ಲ. ಅಕ್ಷರಗಳು ಸ್ಪಷ್ಟವಾಗಿಯೇ ಇವೆ. ಆದರೂ ಹಾಳೆಗೆ ಜೀವವಿಲ್ಲ. ಕಾಗದವೆಂದರೆ ಸೆಲ್ಯುಲೋಸಿನ ಎಳೆಗಳ ಹೆಣಿಗೆ. ಮರದ ತಿರುಳಿನ ಕಾಗದಕ್ಕೆ ಶಾಯಿ ಹರಡದಂತೆ ಸ್ಫಟಿಕವನ್ನೂ ರಾಳವನ್ನೂ ಬೆರೆಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬಿತು. ಸ್ಫಟಿಕದಿಂದ ಕಾಗದದಲ್ಲಿ ಆಮ್ಲ ಉಳಿಯುತ್ತದೆ. ಆಮ್ಲವು ಸೆಖೆ ಮತ್ತು ತೇವಗಳ ನೆರವಿನಿಂದ ಸೆಲ್ಯುಲೋಸಿನ ಸಂಧಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ‘ಬಿಡಿಸಿ ಬರೆಯಿರಿ’ ಎಂದು ವ್ಯಾಕರಣದ ಪ್ರಶ್ನೆಯಲ್ಲಿ ಕೇಳಿದಾಗ ಲೋಪವಾಗಿದ್ದ ಸ್ವರವನ್ನು ಮರಳಿ ಬರೆಯಬೇಕಷ್ಟೆ. ಇಲ್ಲಿಯೂ ಹಾಗೆಯೇ, ಕೂಡುವಾಗ ಹೊರಬಿದ್ದಿದ್ದ ನೀರು ಬಿಡಿಸುವಾಗ ಮರಳಿ ಸೇರುತ್ತದೆ. ಅಮೆರಿಕದ ವಿಲಿಯಂ ಬ್ಯಾರೊ ಎಂಬ ಗ್ರಂಥಸಂರಕ್ಷಕರು 1950ರ ದಶಕದಲ್ಲಿ ಹಳೆಯ ಪುಸ್ತಕಗಳನ್ನು ರಾಶಿರಾಶಿಯಾಗಿ ಪರೀಕ್ಷಿಸಿ, ಇದರಲ್ಲಿ ಆಮ್ಲದ ಪಾತ್ರ ಎಷ್ಟು ದೊಡ್ಡದೆಂಬುದನ್ನು ಗ್ರಂಥಾಲಯಗಳ ಗಮನಕ್ಕೆ ತಂದರು.

ಎಷ್ಟು ಸಂಧಿಗಳು ಬಿಟ್ಟರೆ ಹಾಳೆ ಸಾಯುತ್ತದೆ? ಈ ಪ್ರಶ್ನೆಗೆ ಅತ್ಯಂತ ನಿಖರವಾದ ಉತ್ತರ ದೊರೆತಿರುವುದು ಗ್ರಂಥಾಲಯದಿಂದಲ್ಲ, ವಿದ್ಯುತ್ ಇಲಾಖೆಯಿಂದ. ಪರಿವರ್ತಕಗಳ ಒಳಗೆ ತಾಮ್ರದ ತಂತಿಗೆ ಸುತ್ತಿರುವುದು ಕಾಗದವೇ. ಎಣ್ಣೆಯಲ್ಲಿ ಮುಳುಗಿ, ಬಿಸಿಯಲ್ಲಿ ಬೆಂದು ಅದು ಹತ್ತಾರು ವರ್ಷ ದುಡಿಯುತ್ತದೆ. ಹೊಸದಾಗಿದ್ದಾಗ ಅದರ ಪಾಲಿಮರೀಕರಣದ ಮಟ್ಟ ಸುಮಾರು 1,000ದಿಂದ 1,200. ಅದು 200ರ ಹತ್ತಿರಕ್ಕೆ ಇಳಿದಾಗ ಕಾಗದದ ಆಯುಸ್ಸು ತೀರಿತೆಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. 1,000ದಿಂದ 200ಕ್ಕೆ ಎಂದರೆ ಒಂದು ಸರಪಳಿ ಐದು ತುಂಡಾಯಿತು; ಐದು ತುಂಡಾಗಲು ನಾಲ್ಕು ಕಡಿತಗಳು ಸಾಕು. ಸಾವಿರ ಕೊಂಡಿಗಳ ಸರಪಳಿಯಲ್ಲಿ ಸಂಧಿಗಳು 999. ಅವುಗಳಲ್ಲಿ 995 ಗಟ್ಟಿಯಾಗಿಯೇ ಉಳಿದು ನಾಲ್ಕು ಮಾತ್ರ ಬಿಟ್ಟರೆ ಕಾಗದದ ಕಥೆ ಮುಗಿಯಿತು. ತಕ್ಕಡಿಗೆ ಇದು ತಿಳಿಯುವುದೇ ಇಲ್ಲ. ನಾಲ್ಕು ಸಂಧಿಗಳಿಗೆ ನಾಲ್ಕು ನೀರು ಸೇರಿ, ಒಂದು ಕಿಲೋಗ್ರಾಂ ಕಾಗದದ ತೂಕ ಅರ್ಧ ಗ್ರಾಮಿಗಿಂತ ಕಡಿಮೆ ಹೆಚ್ಚುತ್ತದೆ. ಕಣ್ಣಿಗೆ ಕಾಣದ, ತೂಕಕ್ಕೆ ಸಿಗದ ಈ ಹಾನಿಯನ್ನು ಹಿಡಿದುಕೊಡುವುದು ಕೊಂಡಿಗಳ ಎಣಿಕೆಯೇ.

ಆದರೆ ಇಲ್ಲಿಯೂ ಜಾಗ್ರತೆ ಬೇಕು. ಕಾಗದವನ್ನು ತಕ್ಕ ದ್ರಾವಕದಲ್ಲಿ ಕರಗಿಸಿ ಸ್ನಿಗ್ಧತೆಯನ್ನು ಅಳೆದು ಆ 1,000, ಆ 200 ಬಂದಿರುತ್ತವೆ. ಒಂದು ಸರ ಐದು ತುಂಡಾಯಿತೆಂಬ ಲೆಕ್ಕವಾದರೋ ಸಂಖ್ಯಾ ಸರಾಸರಿಗೆ ಮಾತ್ರ ಕರಾರುವಾಕ್ಕಾದುದು. ಆದ್ದರಿಂದ ನಾಲ್ಕು ಕಡಿತ ಎಂಬುದನ್ನು ‘ಸುಮಾರು ನಾಲ್ಕು’ ಎಂದು ಓದಬೇಕು. ಇದನ್ನು ಹೇಳದೆ ‘ನಾಲ್ಕೇ’ ಎಂದು ಗುಡುಗುವ ಬರವಣಿಗೆ ವಿಜ್ಞಾನದ ವೇಷ ಹಾಕಿದ ಹರಿಕಥೆ.

ಕೊಂಡಿ ಕಡಿಮೆಯಾಗುವುದು ಯಾವಾಗಲೂ ಕೇಡೆಂದು ಭಾವಿಸಬೇಕಾಗಿಲ್ಲ. ಮರದ ತಿರುಳಿನಿಂದ ರೇಯಾನ್ ನೂಲನ್ನು ತೆಗೆಯುವಲ್ಲಿ, ಕ್ಷಾರದಲ್ಲಿ ನೆನೆಸಿದ ತಿರುಳನ್ನು ಗಾಳಿಗೆ ಒಡ್ಡಿ ಹದಕ್ಕೆ ಇಟ್ಟು, ಸರಪಳಿಗಳನ್ನು ಬೇಕೆಂದೇ ಮೊಟಕುಗೊಳಿಸುತ್ತಾರೆ. ಹಾಗೆ ಮಾಡದಿದ್ದರೆ ಪಾಕ ಗಟ್ಟಿಯಾಗಿ ಸಣ್ಣ ರಂಧ್ರಗಳಿಂದ ಹೊರಬರದು; ಅತಿಯಾಗಿ ಮಾಡಿದರೆ ನೂಲಿಗೆ ಬಲವಿರದು. ತುಂಗಭದ್ರೆಯ ದಂಡೆಯ ಮೇಲೆ, ಹರಿಹರದ ಎದುರಿನ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಎದ್ದ ಕಾರ್ಖಾನೆಯು ನೀಲಗಿರಿ ಮರದಿಂದ ಇಂತಹ ತಿರುಳನ್ನು ತಯಾರಿಸುವುದು ಆ ಭಾಗದವರಿಗೆ ಗೊತ್ತು. ನದಿಯ ನೀರಿನ ವಿಷಯದಲ್ಲಿ ಅಲ್ಲಿಯ ಜನರು ಪಟ್ಟ ಪಾಡು ಬೇರೆಯೇ ಒಂದು ಲೇಖನದ ವಸ್ತು.

ಕೊನೆಯದಾಗಿ ಹೆಸರಿನ ವಿಚಾರ. ಜರ್ಮನ್ನರು ‘ಗ್ರಾಡ್’ ಎಂದರು, ಇಂಗ್ಲಿಷಿನವರು ‘ಡಿಗ್ರಿ’ ಎಂದರು, ಕನ್ನಡದಲ್ಲಿ ‘ಮಟ್ಟ’ ಎಂದು ಅದನ್ನು ಇಳಿಸಿಕೊಂಡದ್ದಾಯಿತು. ಕೆರೆಯ ನೀರಿಗೆ ಮಟ್ಟವುಂಟು, ಕಲಿಕೆಗೆ ಮಟ್ಟವುಂಟು. ಮಟ್ಟವೆಂಬ ಮಾತಿನಲ್ಲಿ ಏರುವ ಇಳಿಯುವ ಭಾವವಿದೆ, ಮೇಲು ಕೀಳೆಂಬ ಬೆಲೆಯೂ ಇದೆ. ಎಣಿಕೆಯ ಭಾವ ಮಾತ್ರ ಇಲ್ಲ. ‘ಪಾಲಿಮರೀಕರಣ ಸಂಖ್ಯೆ’ ಎನ್ನಬಹುದಲ್ಲ ಎಂದರೆ ಅದಕ್ಕೂ ಆಕ್ಷೇಪವಿದೆ. ಪರಮಾಣು ಸಂಖ್ಯೆ ಎಂಬ ಮಾತಿಗೆ ಒಗ್ಗಿದ ವಿದ್ಯಾರ್ಥಿ, ಒಂದು ಧಾತುವಿನ ಪ್ರತಿಯೊಂದು ಪರಮಾಣುವಿಗೂ ಅದು ಒಂದೇ ಎಂದು ಬಲ್ಲನು. ಅದೇ ಭಾವನೆಯನ್ನು ಇಲ್ಲಿಗೂ ತಂದು, ಪ್ರತಿಯೊಂದು ಸರಪಳಿಯೂ ಸಮನೆಂದು ತಿಳಿಯುವನು. ಮೊದಲೇ ಹೇಳಿದ ತಪ್ಪು ಹೆಸರಿನ ಬಾಗಿಲಿನಿಂದಲೇ ಮತ್ತೆ ಒಳಗೆ ಬರುತ್ತದೆ. ‘ಸರಾಸರಿ ಕೊಂಡಿಯೆಣಿಕೆ’ ಎಂಬುದು ಕೇಳುವುದಕ್ಕೆ ಅಷ್ಟು ಗಂಭೀರವಾಗಿಲ್ಲದಿರಬಹುದು. ಸಂಸ್ಕೃತದ ಗತ್ತಿಲ್ಲವೆಂದು ಮೂಗು ಮುರಿಯುವವರೂ ಇರಬಹುದು. ಆದರೆ ಅದರಲ್ಲಿ ಸರಾಸರಿಯೂ ಇದೆ, ಕೊಂಡಿಯೂ ಇದೆ, ಎಣಿಕೆಯೂ ಇದೆ. ‘ಯಾವ ಸರಾಸರಿ?’ ಎಂಬ ಪ್ರಶ್ನೆಯನ್ನು ಆ ಹೆಸರೇ ಎತ್ತಿಕೊಡುತ್ತದೆ. ಪಠ್ಯಪುಸ್ತಕಗಳು ‘ಮಟ್ಟ’ವನ್ನೇ ಇಟ್ಟುಕೊಳ್ಳಲಿ, ರೂಢಿಯನ್ನು ಒಂದು ದಿನದಲ್ಲಿ ಕೀಳಲಾಗದು, ಕಪ್ಪುಹಲಗೆಯ ಮುಂದೆ ನಿಂತ ಉಪಾಧ್ಯಾಯರು ಅದರ ಮಗ್ಗುಲಲ್ಲಿ ಈ ಮಾತನ್ನೂ ಬರೆದರೆ ಯಾವ ಇಲಾಖೆಯೂ ತಡೆಯುವುದಿಲ್ಲ.

ಪ್ರಶ್ನೆಯನ್ನೂ ಹೀಗೆ ತಿದ್ದಬಹುದು: ‘ಒಂದು ಸೆಲ್ಯುಲೋಸ್ ಮಾದರಿಯ ಸಂಖ್ಯಾ ಸರಾಸರಿ ಅಣುತೂಕ 1,62,000. ಸರಾಸರಿ ಕೊಂಡಿಯೆಣಿಕೆಯನ್ನು ಕಂಡುಹಿಡಿಯಿರಿ. ಭಾಜಕವಾಗಿ 180ನ್ನು ಏಕೆ ಬಳಸಬಾರದು? ಈ ಮಾದರಿಯಲ್ಲಿ 300 ಕೊಂಡಿಗಳ ಸರಪಳಿಯೊಂದು ಇರಬಹುದೆ? ಇದರ ತೂಕದ ಸರಾಸರಿಯು 1,000ಕ್ಕಿಂತ ಕಡಿಮೆಯಾಗಲು ಸಾಧ್ಯವೆ? ಕಾರಣ ಕೊಡಿ.’ ಭಾಗಾಕಾರಕ್ಕೆ ಒಂದು ಅಂಕ, ಉಳಿದುದಕ್ಕೆ ನಾಲ್ಕು.